ಪಟ್ಟಿಯಲ್ಲಿ ಹೆಸರಿಲ್ಲದ ಪೈಲ್ವಾನ

ಇಂಟರ್ ಕಾಲೇಜ್ ಬಾಸ್ಕೆಟ್‌ಬಾಲ್ ಟೂರ್ನಮೆಂಟಿನ ಫಿಕ್ಸ್‌ಚರ್ ಬಂತು ಅಂದ್ರೆ ನಾವು ಮೊದಲು ಹುಡುಕೋದು ಎದುರಿಗೆ ಯಾರು, ಅವರ ಶ್ರೇಯಾಂಕ ಎಷ್ಟು ಅಂತ. ಒಂದನೇ ಶ್ರೇಯಾಂಕದ ಟೀಮ್ ಬಿತ್ತೋ, ಮುಗೀತು. ಕೋರ್ಟಿಗೆ ಇಳಿಯೋ ಮೊದಲೇ ಅರ್ಧ ಸೋತಿರ್ತೀವಿ.

ಆದ್ರೆ ಕಾಲೇಜ್ ಬಾಸ್ಕೆಟ್‌ಬಾಲಿನಲ್ಲಿ ದೊಡ್ಡವರು ಬೀಳೋದು ಅಪರೂಪವೇನಲ್ಲ. 1982ರ ಡಿಸೆಂಬರಿನಲ್ಲಿ ಅಮೆರಿಕದ ನಂಬರ್ ಒನ್ ಕಾಲೇಜ್ ತಂಡ ವರ್ಜೀನಿಯಾ. ಅದನ್ನು ಹವಾಯಿಯ ಚಾಮಿನಾಡ್ ಅನ್ನೋ ಪುಟ್ಟ ಕಾಲೇಜು 77–72ರಿಂದ ಸೋಲಿಸಿತು. 2018ರ ರಾಷ್ಟ್ರೀಯ ಟೂರ್ನಿಯಲ್ಲಿ ಅದೇ ವರ್ಜೀನಿಯಾ ಮೊದಲ ಶ್ರೇಯಾಂಕದಲ್ಲಿದ್ದು, 16ನೇ ಶ್ರೇಯಾಂಕದ ಯುಎಂಬಿಸಿ ಎದುರು 54–74ರಿಂದ ಸೋತು ಮನೆಗೆ ಹೋಯಿತು. ಅದಕ್ಕಿಂತ ಮೊದಲು ಇಂಥ ಜೋಡಿಯ 135 ಪಂದ್ಯಗಳಲ್ಲಿ ಒಂದು ಸಲವೂ 16ನೆಯವರು ಗೆದ್ದಿರಲಿಲ್ಲ.

ಇದಕ್ಕೆ ನಮ್ಮ ಗಣಿತದಲ್ಲೇ ಒಂದು ಉತ್ತರ ಇದೆ. ಒಂದು ಸಣ್ಣ ಟೀಮ್ ಗೆಲ್ಲೋ ಸಾಧ್ಯತೆ ಒಂದು ಪಂದ್ಯದಲ್ಲಿ ಶೇ. 30 ಅಂತ ಇಟ್ಕೊಳ್ಳಿ. ಅದೇ ಎರಡು ಟೀಮು ಏಳು ಪಂದ್ಯ ಆಡಿ, ನಾಲ್ಕು ಗೆದ್ದವರೇ ವಿಜೇತರು ಅಂದ್ರೆ, ಆ ಸಾಧ್ಯತೆ ಸುಮಾರು ಶೇ. 13ಕ್ಕೆ ಇಳಿಯುತ್ತೆ. ನಾಕೌಟಿನಲ್ಲಿ ಇರೋದು ಒಂದೇ ಪಂದ್ಯ, ಹಾಗಾಗಿ ಸಣ್ಣವರಿಗೆ ಅಲ್ಲೇ ಜಾಸ್ತಿ ಅವಕಾಶ. ಒಂದೇ ದಿನ 16 ಪಂದ್ಯ ಇದ್ದು, ಒಂದೊಂದರಲ್ಲೂ ಅಪ್‌ಸೆಟ್ ಆಗೋ ಸಾಧ್ಯತೆ ಬರೀ ಶೇ. 20 ಇದ್ರೂ, ಆ ದಿನ ಎಲ್ಲೋ ಒಂದು ಕಡೆಯಾದರೂ ಅಪ್‌ಸೆಟ್ ಆಗೋ ಸಾಧ್ಯತೆ ಶೇ. 97! ಅದಕ್ಕೇ ನಮಗೆ ಇವು ಪದೇ ಪದೇ ಕಾಣೋದು.

ಹಾಗಾದ್ರೆ ಎಲ್ಲಾ ಅಪ್‌ಸೆಟ್ಟೂ ಲಕ್ಕೇ ಏನು? ಅಲ್ಲ ಅಂತ ನಮಗೆ ಗೊತ್ತಾಗಿದ್ದು ಬಾಸ್ಕೆಟ್‌ಬಾಲಿನಿಂದ ಅಲ್ಲ, ಕುಸ್ತಿಯಿಂದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನಮಗೆ ಜಾತ್ರಿ ಅಂದ್ರ ಕುಸ್ತಿ ಇರಬೇಕು. ಆ ಕುಸ್ತಿಯ ಮಾತು ಎಲ್ಲಿ ಶುರುವಾದ್ರೂ ಕೊಲ್ಲಾಪುರದ ಕಡೆಗೇ ತಿರುಗುತ್ತೆ. ಅಲ್ಲಿ ಓದಿದ ಒಬ್ಬ ಕಾಲೇಜ್ ಹುಡುಗನ ಕಥೆ ಇದು. ಹೆಸರು ಖಾಶಾಬಾ ದಾದಾಸಾಹೇಬ ಜಾಧವ.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಹತ್ತಿರ ಗೋಳೇಶ್ವರ ಅನ್ನೋ ಹಳ್ಳಿಯಲ್ಲಿ. ನಿಪ್ಪಾಣಿಯಿಂದ ಪುಣೆ ಹೈವೇ ಹಿಡಿದು ಕೊಲ್ಲಾಪುರ ದಾಟಿದ್ರೆ ಮುಂದೆ ಕರಾಡ ಸಿಗುತ್ತೆ. ಕರಾಡದಲ್ಲಿ ಕೊಯ್ನಾ ಜೊತೆ ಕೂಡುವ ಕೃಷ್ಣಾ ನದಿಯೇ ಸಾಂಗ್ಲಿ ದಾಟಿ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗೆ ಬರೋದು. ಅಂದ್ರೆ ಅವರೂ ನಾವೂ ಒಂದೇ ಹೊಳೆಯ ನೀರು ಕುಡಿದವರು.

ತಂದೆ ದಾದಾಸಾಹೇಬರೂ ಪೈಲ್ವಾನರೇ. ಐದು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಅಪ್ಪನೇ ಮೊದಲ ಗುರು. ಐದನೇ ವಯಸ್ಸಿಗೇ ಮಣ್ಣಿಗೆ ಇಳಿಸಿದರಂತೆ. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದು, ಸಂಜೆ ತಾಲೀಮು. ಆಮೇಲೆ ಕಾಲೇಜಿಗೆ ಅಂತ ಬಂದಿದ್ದು ಕೊಲ್ಲಾಪುರದ ರಾಜಾರಾಮ್ ಕಾಲೇಜಿಗೆ.

ಆಗಿನ ಕೊಲ್ಲಾಪುರ ಅಂದ್ರೆ ಪೈಲ್ವಾನರ ಊರು. ಶಾಹೂ ಮಹಾರಾಜರು ಕುಸ್ತಿಗೆ ಅಂತಲೇ ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ದರು. ನಮ್ಮ ರಾಯಬಾಗವೂ ಒಂದು ಕಾಲಕ್ಕೆ ಆ ಸಂಸ್ಥಾನದ ಭಾಗವೇ. ಅಲ್ಲಿ ಬಾಬುರಾವ್ ಬಲವಡೆ, ಬೇಲಾಪುರಿ ಗುರೂಜಿ ಅವರ ಕೈಕೆಳಗೆ ಖಾಶಾಬಾ ಪಳಗಿದರು. ಅವರ ದೊಡ್ಡ ಅಸ್ತ್ರ ಧಾಕ್ ಅನ್ನೋ ಪಟ್ಟು: ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಹಿಡಿದು ನೆಲಕ್ಕೆ ಎಸೆಯೋದು. ಅದಕ್ಕೆ ಮೈತೂಕಕ್ಕಿಂತ ಟೈಮಿಂಗ್ ಮುಖ್ಯ.

ಕಾಲೇಜಿನ ವಾರ್ಷಿಕ ಕ್ರೀಡಾಕೂಟಕ್ಕೆ ಹೆಸರು ಕೊಡೋಕೆ ಹೋದಾಗ ಕ್ರೀಡಾ ಶಿಕ್ಷಕರು ಬೇಡ ಅಂದರು. ನೋಡೋಕೆ ಸಣ್ಣ ಆಳು, ಇವನು ಯಾರ ಜೊತೆ ಆಡ್ತಾನೆ ಅನ್ನೋ ಲೆಕ್ಕ. ಖಾಶಾಬಾ ಸುಮ್ಮನಾಗಲಿಲ್ಲ, ನೇರ ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು ಒಪ್ಪಿದರು. ಆಮೇಲೆ ತಮಗಿಂತ ದೊಡ್ಡ ಆಳುಗಳನ್ನು ಒಬ್ಬರಾದ ಮೇಲೊಬ್ಬರನ್ನು ಮಣ್ಣು ಮುಕ್ಕಿಸಿದರು. ಪಾಕೆಟ್ ಡೈನಮೊ ಅಂತ ಹೆಸರೂ ಬಂತು. ಎಲೆಕ್ಟ್ರಿಕಲ್ ಬ್ರಾಂಚಿನವರು ಖುಷಿಪಡಬಹುದು!

1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆ ಶುರುವಾಯಿತು. ಫ್ಲೈವೇಟ್ ವಿಭಾಗದಲ್ಲಿ ದೇಶದ ಚಾಂಪಿಯನ್ ಬಂಗಾಳದ ನಿರಂಜನ್ ದಾಸ್. ಪಟ್ಟಿಯಲ್ಲಿ ಅವರದ್ದೇ ಮೊದಲ ಹೆಸರು. ಲಖನೌದಲ್ಲಿ ಖಾಶಾಬಾ ಅವರನ್ನು ಸೋಲಿಸಿ ತಂಡಕ್ಕೆ ಬಂದರು. ಪ್ರಯಾಣದ ಖರ್ಚಿಗೆ ಕೊಲ್ಲಾಪುರದ ಮಹಾರಾಜರು ನೆರವಾದರು. ಮಣ್ಣಿನಲ್ಲಿ ಬೆಳೆದ ಕಾಲಿಗೆ ಲಂಡನ್ನಿನಲ್ಲಿ ಸಿಕ್ಕಿದ್ದು ಮ್ಯಾಟು, ಅದಕ್ಕೆ ಬೇರೆಯೇ ನಿಯಮ. ಅಂಥಾದ್ರಲ್ಲೂ ಆರನೇ ಸ್ಥಾನ.

ಅಲ್ಲಿಂದ ಬಂದ ಮೇಲೆ ನಾಲ್ಕು ವರ್ಷ ತಾಲೀಮು ಇನ್ನೂ ಜೋರಾಯಿತು. ಗುರಿ 1952ರ ಹೆಲ್ಸಿಂಕಿ. ಈ ಸಲ ತೂಕದ ವಿಭಾಗ 57 ಕೆಜಿ, ಬ್ಯಾಂಟಮ್‌ವೇಟ್. ಎದುರಿಗೆ ಮತ್ತೆ ಅದೇ ನಿರಂಜನ್ ದಾಸ್. ಮದ್ರಾಸಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ತಮಗೆ ಒಂದು ಪಾಯಿಂಟ್ ಕಡಿಮೆ ಕೊಟ್ಟು ಅನ್ಯಾಯ ಮಾಡಿದ್ದಾರೆ ಅನ್ನೋದು ಖಾಶಾಬಾ ಅವರ ದೂರು. ಕ್ರೀಡಾಪ್ರೇಮಿಯಾಗಿದ್ದ ಪಟಿಯಾಲದ ಮಹಾರಾಜರಿಗೆ ಅದನ್ನು ತಿಳಿಸಿದರು. ಮತ್ತೊಂದು ಕುಸ್ತಿ ಇಡಿಸಿದರು ಮಹಾರಾಜರು. ಅದರಲ್ಲಿ ಪಾಯಿಂಟಿನ ಮಾತೇ ಬರಲಿಲ್ಲ, ಖಾಶಾಬಾ ಚಾಂಪಿಯನ್ನರನ್ನು ಚಿತ್ ಮಾಡಿಬಿಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಸಲ ಗೆದ್ದರೆ ಲಕ್ ಅನ್ನಬಹುದು. ಅದೇ ಚಾಂಪಿಯನ್ನರನ್ನು, ಬೇರೆ ಬೇರೆ ಆಯ್ಕೆಯಲ್ಲಿ, ನಾಲ್ಕು ವರ್ಷದ ಅಂತರದಲ್ಲಿ ಮತ್ತೆ ಕೆಡವಿದರೆ ಅದಕ್ಕೆ ಏನನ್ನಬೇಕು? ಆಗಿದ್ದು ಇಷ್ಟೇ: ಪಟ್ಟಿ ಮಾಡಿದವರಿಗೆ ಗೋಳೇಶ್ವರ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅವರು ನೋಡದೇ ಇರೋ ಮಣ್ಣಿನಲ್ಲಿ ಖಾಶಾಬಾ ಬಲಿತಿದ್ದರು. ನಮಗೆ ಅಪ್‌ಸೆಟ್ ಅಂತ ಕಂಡಿದ್ದು ಅವರ ತಾಲೀಮಿನವರಿಗೆ ಮೊದಲೇ ಗೊತ್ತಿದ್ದ ಸಂಗತಿ.

ಆಯ್ಕೆಯಾದ್ರೂ ಹೆಲ್ಸಿಂಕಿಗೆ ಹೋಗೋಕೆ ದುಡ್ಡಿಲ್ಲ. ಖಾಶಾಬಾ ಮನೆಮನೆ ಅಲೆದರು, ಊರವರು ಕೈಲಾದಷ್ಟು ಕೊಟ್ಟರು. ಬಹಳ ಕೇಳಿದ ಮೇಲೆ ಮುಂಬೈ ಸರ್ಕಾರದಿಂದ 4000 ರೂಪಾಯಿ ಬಂತು. ಇನ್ನೂ ಸಾಲದು. ಆಗ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ಅವರು ತಮ್ಮ ಸ್ವಂತ ಮನೆ ಅಡವಿಟ್ಟು 7000 ರೂಪಾಯಿ ತಂದು ಹಳೇ ವಿದ್ಯಾರ್ಥಿಯ ಕೈಗೆ ಕೊಟ್ಟರು. 1952ರ 7000 ರೂಪಾಯಿ! ನಾವು ಈ ಭಾಗ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹೆಲ್ಸಿಂಕಿಯಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರನ್ನು ಖಾಶಾಬಾ ಸೋಲಿಸಿದರು. ಜಪಾನಿನ ಶೋಹಾಚಿ ಇಶಿ ಜೊತೆಗಿನ ಕುಸ್ತಿ ಬಹಳ ಹೊತ್ತು ನಡೆದು, ಅದರಲ್ಲಿ ಸೋತರು. ಕೊನೆಗೆ ಚಿನ್ನ ಗೆದ್ದಿದ್ದು ಇಶಿ ಅವರೇ. ಮೈ ಬೆವರು ಆರುವ ಮೊದಲೇ ಸೋವಿಯತ್ ಪೈಲ್ವಾನ ರಶೀದ್ ಮಮ್ಮದ್‌ಬೆಯೋವ್ ಎದುರು ಆಡೋಕೆ ಕರೆದರು, ನಿಯಮದ ಪ್ರಕಾರ ಸಿಗಬೇಕಿದ್ದ ವಿಶ್ರಾಂತಿ ಕೇಳೋಕೆ ನಮ್ಮ ಕಡೆಯ ಅಧಿಕಾರಿ ಯಾರೂ ಅಲ್ಲಿರಲಿಲ್ಲ ಅಂತ ಹೇಳ್ತಾರೆ. ಆ ಕುಸ್ತಿಯೂ ಹೋಯಿತು. ಆದ್ರೂ ಜುಲೈ 23ರಂದು ಕಂಚಿನ ಪದಕ ಅವರ ಕೊರಳಿಗೆ ಬಂತು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ಅದು. ಎರಡನೆಯದು ಬರೋಕೆ 44 ವರ್ಷ ಬೇಕಾಯಿತು, 1996ರಲ್ಲಿ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಗೆಲ್ಲೋವರೆಗೆ.

ಊರಿಗೆ ಬಂದಾಗ ಕರಾಡದಿಂದ ಗೋಳೇಶ್ವರದವರೆಗೆ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಕೆಲಸ ನಮಗೆ ಪದಕಕ್ಕಿಂತ ದೊಡ್ಡದು ಅನ್ನಿಸುತ್ತೆ. ಮತ್ತೆ ಮಣ್ಣಿಗೆ ಇಳಿದು, ಕುಸ್ತಿ ಆಡಿ, ಬಂದ ಹಣದಲ್ಲಿ ಖರ್ಡೀಕರ್ ಅವರ ಸಾಲ ತೀರಿಸಿದರು.

1955ರಲ್ಲಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಮೊಣಕಾಲಿನ ಪೆಟ್ಟಿನಿಂದಾಗಿ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಪ್ಪಿತು. ನೌಕರಿಯಲ್ಲಿ ಬಡ್ತಿಗೆ ಬಹಳ ವರ್ಷ ಕಾದರು, ನಿವೃತ್ತಿಯಾದ ಮೇಲೆ ಪಿಂಚಣಿಗೂ ಅಲೆದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಹಿಡಿದು ಓಡುವ ಗೌರವ ಸಿಕ್ಕಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದಿದ್ದು ಅವರು ಹೋದ ಎಷ್ಟೋ ವರ್ಷಗಳ ನಂತರ. ಈಗ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಆವರಣದಲ್ಲಿರುವ ಕುಸ್ತಿ ಒಳಾಂಗಣಕ್ಕೆ ಅವರ ಹೆಸರಿದೆ.

ಈ ಜೀವನದಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತೆ. ಖಾಶಾಬಾ ಎದುರಾಳಿಗಳಿಗೆ ಸೋತಿದ್ದು ಕಡಿಮೆ. ಅವರನ್ನು ತಡೆದಿದ್ದು ಅಖಾಡದ ಹೊರಗಿನ ಸಂಗತಿಗಳು: ಸಣ್ಣ ಆಳು ಅನ್ನೋ ಮಾತು, ಒಂದು ಪಾಯಿಂಟು, ಪ್ರಯಾಣದ ಖರ್ಚು. ಒಬ್ಬ ಪ್ರಿನ್ಸಿಪಾಲರು ಹೆಸರು ಬರೆಸಿಕೊಳ್ಳದಿದ್ದರೆ, ಪಟಿಯಾಲದಿಂದ ಇನ್ನೊಂದು ಅವಕಾಶ ಸಿಗದಿದ್ದರೆ, ಒಂದು ಮನೆ ಅಡವಿಗೆ ಹೋಗದಿದ್ದರೆ ಆ ಕಂಚು ಇರುತ್ತಿರಲಿಲ್ಲ. ನಮಗೂ ಅವರ ಹೆಸರು ಗೊತ್ತಾಗುತ್ತಿರಲಿಲ್ಲ. ಆಗದೇ ಹೋದ ಅಪ್‌ಸೆಟ್‌ಗಳನ್ನು ಯಾರು ಎಣಿಸ್ತಾರೆ ಹೇಳಿ?

ನಮ್ಮ ಹಾಸ್ಟೆಲಿನಲ್ಲೇ ಅಥಣಿ, ಕಾಗವಾಡದ ಹಳ್ಳಿಗಳಿಂದ ಬಂದ ಹುಡುಗರಿದ್ದಾರೆ, ಇಲ್ಲಿಗೆ ಬರೋ ತನಕ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್ ನೋಡಿರದವರು. ಹುಡುಗಿಯರ ಹಾಸ್ಟೆಲಿನಲ್ಲೂ ಇದ್ದಾರೆ. ಟ್ರಯಲ್ಸ್ ದಿನ ಶೂ ಇಲ್ಲ ಅಂತ, ಎತ್ತರ ಸಾಲದು ಅಂತ ಗೋಡೆಗೆ ಒರಗಿ ನಿಂತಿರ್ತಾರೆ. ಟೀಮಿನಲ್ಲಿರೋ ಸೀನಿಯರ್‌ಗಳಿಗೆ, ಕ್ಯಾಪ್ಟನ್‌ಗಳಿಗೆ ನಮ್ಮದೊಂದೇ ವಿನಂತಿ: ಈ ಸಲ ಅವರ ಹೆಸರನ್ನೂ ಬರ್ಕೊಳ್ರಿ. ಒಂದು ಜೋಡಿ ಶೂ ನಾವೂ ಕೊಡ್ತೀವಿ. ಚಿತ್ ಆಗೋದು, ಚಿತ್ ಮಾಡೋದು ಆಮೇಲಿನ ಮಾತು.