ಹಿಮದ ಮೇಲೆ ಗಾಡಿ ನಡೆಸಿದ ಬೊಂಬಾರ್ಡಿಯರ್

ಮುಂಬಯಿಯ ಲೋಕಲ್ ಗಾಡಿಗಳಲ್ಲಿಯೂ ದಿಲ್ಲಿಯ ಮೆಟ್ರೋದಲ್ಲಿಯೂ ನಿತ್ಯ ಓಡಾಡುವ ನಮ್ಮ ವಾಚಕರಲ್ಲಿ ಕೆಲವರಾದರೂ ಬೊಂಬಾರ್ಡಿಯರ್ ಎಂಬ ಹೆಸರನ್ನು ಕೇಳಿರಬೇಕು. ಆ ಹೆಸರಿನ ಕಂಪೆನಿಯು 2021ರಲ್ಲಿ ತನ್ನ ರೈಲು ಉದ್ಯಮವನ್ನು ಮಾರಿಬಿಡುವ ಮೊದಲು ದಿಲ್ಲಿಗೆ ಮೆಟ್ರೋ ಡಬ್ಬಿಗಳನ್ನೂ ಮುಂಬಯಿಯ ಕೆಲವು ಲೋಕಲ್ ಗಾಡಿಗಳಿಗೆ ವಿದ್ಯುತ್ ಯಂತ್ರೋಪಕರಣಗಳನ್ನೂ ಒದಗಿಸಿತ್ತು. ಆದರೆ ಕಂಪೆನಿಗೆ ಹೆಸರು ಕೊಟ್ಟ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯರರು ರೈಲು ಕಟ್ಟಿದವರಲ್ಲ. ಹಳಿಯೂ ಇಲ್ಲದ, ರಸ್ತೆಯೂ ಕಾಣದ ಹಿಮದ ಮೇಲೆ ಗಾಡಿ ನಡೆಸಲು ಬಾಳನ್ನೇ ಸವೆಸಿದವರು ಅವರು.

ಅವರು ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ. ಅಲ್ಲಿ ಚಳಿಗಾಲ ಬಂತೆಂದರೆ ರಸ್ತೆಗಳೆಲ್ಲ ಹಿಮದಡಿ ಹೂತುಹೋಗುತ್ತಿದ್ದವು; ಮೋಟಾರುಗಳು ವಸಂತದವರೆಗೆ ಕೊಟ್ಟಿಗೆ ಸೇರುತ್ತಿದ್ದವು. ಹದಿನೈದರ ಹರೆಯದಲ್ಲಿ, 1922ರ ಕೊನೆಯ ದಿನ, ಬಾಲಕ ಆರ್ಮಾಂಡನು ಹಳೆಯ ಫೋರ್ಡ್ ಕಾರಿನ ಇಂಜಿನನ್ನು ಜಾರುಬಂಡಿಗೆ ಬಿಗಿದು, ಹಿಂಭಾಗದಲ್ಲಿ ವಿಮಾನದ ಪಂಖದಂತಹುದೊಂದನ್ನು ಜೋಡಿಸಿ, ತಮ್ಮ ಲಿಯೋಪೋಲ್ಡನೊಡನೆ ಊರಿನ ಬೀದಿಯಲ್ಲಿ ಹೊರಟೇಬಿಟ್ಟನು. ತಿರುಗುವ ಪಂಖವನ್ನು ಕಂಡು ಬೆಚ್ಚಿದ ತಂದೆ ಅದನ್ನು ಕೂಡಲೇ ಬಿಚ್ಚಿಸಿದರು. ಹಾಗೆ ಮಾಡಿದ ತಂದೆಯನ್ನು ನಾವು ದೂರಲಾರೆವು.

ಮಗನು ಪಾದ್ರಿಯಾಗಲೆಂದು ಮನೆಯವರು ಶೆರ್ಬ್ರೂಕ್ ಪಟ್ಟಣದ ಗುರುಮಠದಲ್ಲಿ ಓದಿಗೆ ಬಿಟ್ಟಿದ್ದರು. ಹದಿನೇಳನೆಯ ವರ್ಷದಲ್ಲಿ ಅದನ್ನು ತೊರೆದು ಗರಾಜಿನ ಕೆಲಸಕ್ಕೆ ಸೇರಿದರು. ಮುಂದೆ ಮಾಂಟ್ರಿಯಲ್ ನಗರದಲ್ಲಿ ಹಗಲು ದುಡಿಮೆ, ರಾತ್ರಿ ಯಂತ್ರವಿದ್ಯೆಯ ಪಾಠ. ಅದರ ಕಷ್ಟವೇನೆಂಬುದನ್ನು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿದವರಿಗೆ ನಾವು ವಿವರಿಸಬೇಕಾಗಿಲ್ಲ. 1926ರಲ್ಲಿ ಊರಿಗೆ ಮರಳಿ ತಂದೆಯ ನೆರವಿನಿಂದ ಸ್ವಂತ ಗರಾಜು ತೆರೆದರು. 1929ರಲ್ಲಿ ಯ್ವೋನ್ ಲಾಬ್ರೆಕ್ ಎಂಬಾಕೆಯನ್ನು ವರಿಸಿದರು. ಬೇಸಗೆಯಲ್ಲಿ ಮೋಟಾರು ರಿಪೇರಿ, ಚಳಿಗಾಲದಲ್ಲಿ ಹಿಮಗಾಡಿಯ ಪ್ರಯೋಗ. ಹೀಗೆ ದಿನಗಳು ಸಾಗಿದವು.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನನ ಹೊಟ್ಟೆಯೊಳಗೆ ಕರುಳಿನ ಬೇನೆ ಉಲ್ಬಣಿಸಿತು. ಆಸ್ಪತ್ರೆಯಿದ್ದುದು ಸುಮಾರು 50 ಕಿಲೋಮೀಟರು ದೂರದ ಶೆರ್ಬ್ರೂಕಿನಲ್ಲಿ. ರಸ್ತೆ ಹಿಮದಿಂದ ಮುಚ್ಚಿತ್ತು. ಹಿಮಗಾಡಿಯ ಕನಸು ಕಾಣುತ್ತಿದ್ದ ತಂದೆಯ ಬಳಿ ಹೊರಡಲು ಸಿದ್ಧವಾದ ಗಾಡಿಯೊಂದೂ ಇರಲಿಲ್ಲ. ಮಗು ತೀರಿಕೊಂಡಿತು.

ಮರುವರ್ಷವೇ, ಎಂದರೆ 1935ರಲ್ಲಿ, ಅವರು ಬಹುಕಾಲದಿಂದ ಕಾಡಿದ್ದ ತೊಡಕನ್ನು ಬಿಡಿಸಿದರು. ರಬ್ಬರು ಹೊದಿಸಿದ ಹಲ್ಲುಚಕ್ರವೊಂದು ರಬ್ಬರಿನ ಪಟ್ಟಿಯನ್ನು ಸುತ್ತಿಸುತ್ತ ಗಾಡಿಯನ್ನು ಮುಂದೂಡುವ ಏರ್ಪಾಡು ಅದು. 1937ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಹಿಂದೆ ಪಟ್ಟಿ, ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀಗಳು. ದೂಡುವುದು ಪಟ್ಟಿಯ ಕೆಲಸ, ದಿಕ್ಕು ತಿರುಗಿಸುವುದು ಸ್ಕೀಯ ಕೆಲಸ.

ಇಲ್ಲಿಯೇ ಇರುವುದು ಹಿಮಗಾಡಿಯ ಮರ್ಮ. ಸೈಕಲಿನ ಕ್ಯಾರಿಯರಿನ ಮೇಲೆ ಅಕ್ಕಿಮೂಟೆ ಹೇರಿದಾಗ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲು ಕೈಮಾತು ಕೇಳದಿರುವುದನ್ನು ನಾವೆಲ್ಲ ಬಲ್ಲೆವು. ಹಿಮಗಾಡಿಯಲ್ಲಿಯೂ ಭಾರವೆಲ್ಲ ಪಟ್ಟಿಯ ಮೇಲೆ ಬಿದ್ದರೆ ಸ್ಕೀಗಳು ಹಿಮವನ್ನು ಕಚ್ಚುವುದಿಲ್ಲ; ಹ್ಯಾಂಡಲು ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಸ್ಕೀಯ ಮೇಲೆ ಭಾರ ಹೆಚ್ಚಿದರೆ ಹ್ಯಾಂಡಲು ಬಿಗಿದು ತೋಳು ಸೋಲುತ್ತದೆ, ಮೆದು ಹಿಮದಲ್ಲಿ ಮೂತಿ ಹೂಳುತ್ತದೆ. ಇಂದಿನ ಸವಾರರು ಪಟ್ಟಿಯೊಳಗಿನ ಚೌಕಟ್ಟಿನ ಮುಂಭಾಗವನ್ನು ಹಿಡಿದಿಡುವ ವಾರನ್ನು ತುಸು ಬಿಗಿದು ಸ್ಕೀಗೆ ಭಾರ ಕೊಡುತ್ತಾರೆ. ಆಳವಾದ ಹಿಮಕ್ಕೆ ಹೊರಟಾಗ ಅದನ್ನೇ ಸಡಿಲಿಸುತ್ತಾರೆ. ಎರಡೂ ಸ್ಕೀಗಳ ಸ್ಪ್ರಿಂಗುಗಳನ್ನು ಸಮನಾಗಿಟ್ಟು, ಹಿಂದಿನ ಸ್ಪ್ರಿಂಗನ್ನು ಸವಾರನ ತೂಕಕ್ಕೆ ಹೊಂದಿಸುತ್ತಾರೆ. ಒಮ್ಮೆಗೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವವನೇ ಜಾಣ.

ಏಳು ಜನ ಕೂರುವ ಗಾಡಿಯೊಡನೆ ವ್ಯಾಪಾರ ಆರಂಭವಾಯಿತು; ಬಳಿಕ ಹನ್ನೆರಡು ಜನರದು ಬಂತು. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅದರಲ್ಲಿ ಪಯಣಿಸಿದರು. 1942ರಲ್ಲಿ ಕಂಪೆನಿ ಸ್ಥಾಪನೆಯಾಯಿತು. ಆದರೆ 1948ರಲ್ಲಿ ಹಳ್ಳಿಯ ರಸ್ತೆಗಳ ಹಿಮವನ್ನು ತೆಗೆಸಬೇಕೆಂದು ಕ್ವಿಬೆಕ್ ಸರಕಾರ ಶಾಸನ ಮಾಡಲು ಮಾರಾಟ ಕುಸಿಯಿತು. ಹದಿನಾಲ್ಕು ವರ್ಷಗಳ ಹಿಂದೆ ತನ್ನ ಮಗುವಿಗೆ ದೊರೆಯದಿದ್ದ ದಾರಿ ಈಗ ಎಲ್ಲರ ಮಕ್ಕಳಿಗೂ ತೆರೆಯಿತು. ಅದೇ ದಾರಿ ಅವರ ಉದ್ಯಮಕ್ಕೆ ಪೆಟ್ಟು ಕೊಟ್ಟಿತು.

ಅವರು ಕೈಕಟ್ಟಿ ಕೂರಲಿಲ್ಲ. ಜೌಗುನೆಲಕ್ಕೂ ಕಾಡಿಗೂ ಒಗ್ಗುವ ಟ್ರ್ಯಾಕ್ಟರನ್ನು 1953ರಲ್ಲಿ ತಂದರು. ಹಗುರವಾದ ಇಂಜಿನುಗಳು ದೊರೆಯತೊಡಗಿದಾಗ, ಒಬ್ಬಿಬ್ಬರನ್ನು ಹೊರುವ ಪುಟ್ಟ ಗಾಡಿಯ ಹಳೆಯ ಆಸೆ ಮರುಕಳಿಸಿತು. ಮಗ ಜರ್ಮೇನ್ ರೂಪಿಸಿದ ಜೋಡಣೆಯಿಲ್ಲದ ಅಗಲ ರಬ್ಬರು ಪಟ್ಟಿ ಅದಕ್ಕೆ ನೆರವಾಯಿತು. 1959ರಲ್ಲಿ ಸ್ಕೀ-ಡೂ ಹೊರಬಂತು. ಮೊದಲ ಮಾದರಿಗಳಲ್ಲೊಂದು ಒಂಟಾರಿಯೋದ ಉತ್ತರದ ಕಾಡಿನಲ್ಲಿ ಸೇವೆ ಮಾಡುತ್ತಿದ್ದ ಮಾರಿಸ್ ವಿಮೆ ಎಂಬ ಪಾದ್ರಿಗೆ ಹೋಯಿತು. ಆರಂಭದ ವರ್ಷ ಮಾರಾಟವಾದುವು 225 ಮಾತ್ರ. ಕೆಲವೇ ವರ್ಷಗಳಲ್ಲಿ ಅದು ಸಾವಿರಗಳನ್ನು ಮುಟ್ಟಿತು.

1964ರ ಫೆಬ್ರವರಿ 18ರಂದು, 56ನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಅವರು ನಿಧನರಾದರು. 1926ರ ಅವರ ಆ ಗರಾಜನ್ನು ವಾಲ್ಕೂರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.