ಪಂಡಿತಾ ರಮಾಬಾಯಿಯವರ ಸತ್ಯವೇದಧ್ಯಾನ

ಯಸಳೂರಿನ ಕಡೆಯಿಂದ ಬರುವ ನಮ್ಮ ಬಾಲಿಕೆಯರಿಗೆ ಮಳೆಗಾಲವೆಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಬಿಸಿಲೆಯ ಕಾಡು ಮಂಜಿನಲ್ಲಿ ಮುಳುಗಿ, ಹಗಲಿನಲ್ಲಿಯೇ ಮನೆಯೊಳಗೆ ದೀಪ ಹಚ್ಚಬೇಕಾದ ಆ ದಿನಗಳಿಗಿಂತ ಸತ್ಯವೇದವನ್ನು ಓದುವುದಕ್ಕೆ ಪ್ರಶಸ್ತವಾದ ಕಾಲ ಬೇರೊಂದಿಲ್ಲ. ಆದರೂ ಆಗುವುದೇನು? ಕಣ್ಣು ಪುಟದ ಮೇಲೆ ಓಡುತ್ತದೆ. ಮನಸ್ಸು ತೋಟಕ್ಕೋ, ಅಡಿಗೆಯ ಮನೆಗೋ, ನಾಳಿನ ಪರೀಕ್ಷೆಗೋ ಹೊರಟುಹೋಗುತ್ತದೆ. ಅಧ್ಯಾಯವು ಮುಗಿದ ಮೇಲೆ ಓದಿದುದೇನೆಂದು ಕೇಳಿದರೆ ಉತ್ತರವಿರುವುದಿಲ್ಲ. ಈ ದೋಷವು ಬಾಲಿಕೆಯರದು ಮಾತ್ರವಲ್ಲ. ಅವರಿಗೆ ಪಾಠ ಹೇಳುವ ನಮ್ಮದೂ ಹೌದು. ಆದಕಾರಣ ದೇವರ ವಾಕ್ಯದಲ್ಲಿ ಪೂರ್ಣಮನಸ್ಸನ್ನು ಇಡುವುದು ಹೇಗೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಇಚ್ಛಿಸುತ್ತೇವೆ. ಅವರು ದೂರದೇಶದವರಲ್ಲ; ನಮ್ಮ ಈ ಘಟ್ಟದ ಸಾಲಿನಲ್ಲಿಯೇ, ಉತ್ತರಕ್ಕೆ ಕುದುರೆಮುಖದ ಸೀಮೆಯ ಗಂಗಾಮೂಲದ ಕಾಡಿನಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು ಜನಿಸಿದ ಪಂಡಿತಾ ರಮಾಬಾಯಿಯವರು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು, ದೊಡ್ಡ ವಿದ್ವಾಂಸರು. ಹೆಂಗಸರೂ ಸಂಸ್ಕೃತವನ್ನು ಕಲಿಯಬಹುದೆಂಬುದು ಅವರ ದೃಢವಾದ ಅಭಿಪ್ರಾಯ. ಹೆಂಡತಿ ಲಕ್ಷ್ಮೀಬಾಯಿಯವರಿಗೆ ತಾವೇ ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಗಿ ಬಂದಾಗಲೂ ಅವರು ಹಿಂಜರಿಯದೆ ಶಾಸ್ತ್ರಾಧಾರಗಳಿಂದ ತಮ್ಮ ಪಕ್ಷವನ್ನು ಸಾಧಿಸಿದರು. ಕೊನೆಗೆ ಊರನ್ನು ಬಿಟ್ಟು ಕಾಡಿನಲ್ಲಿ ಮನೆ ಮಾಡಿದರು. ಕೂಸಾಗಿದ್ದ ರಮೆಗೆ ಆರು ತಿಂಗಳಾಗಿದ್ದಾಗ ಸಂಸಾರವು ಯಾತ್ರೆಗೆ ಹೊರಟಿತು; ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟದಿಂದ ಇಳಿಸಿದರು. ಅಂದಿನಿಂದ ಹಲವು ವರ್ಷಗಳ ಪರ್ಯಂತ ಆ ಕುಟುಂಬಕ್ಕೆ ನೆಲೆಯೆಂಬುದಿರಲಿಲ್ಲ. ಬೆಳಗಿನ ಜಾವದಲ್ಲಿ ಮನೆಗೆಲಸ ತೊಡಗುವುದಕ್ಕೆ ಮುಂಚೆ ತಾಯಿಯು ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಹೀಗೆ ಬಾಲ್ಯದಲ್ಲಿಯೇ ಭಾಗವತದ 18,000 ಶ್ಲೋಕಗಳು ಅವರಿಗೆ ಕಂಠಪಾಠವಾದುವು.

ಈ ಸಂಸಾರದವರು ದೇವಾಲಯಗಳಲ್ಲಿಯೂ ಕೆರೆಕಟ್ಟೆಗಳ ಬಳಿಯಲ್ಲಿಯೂ ಪುರಾಣವನ್ನು ಓದುತ್ತಿದ್ದರು. ಜನರು ಬಂದು ಕೇಳಿ ಕಾಣಿಕೆ ಇಡುತ್ತಿದ್ದರು. ಅರ್ಥವನ್ನು ಬಿಡಿಸಿ ಹೇಳುವ ಕ್ರಮವಿರಲಿಲ್ಲ. ಕಿವಿಯ ಮೇಲೆ ಬಿದ್ದರೆ ಸಾಕು, ಪುಣ್ಯವೆಂಬುದು ಹೇಳುವವರಿಗೂ ಕೇಳುವವರಿಗೂ ಇದ್ದ ನಂಬಿಕೆ. ಇದನ್ನು ಓದಿ ಅನ್ಯರನ್ನು ಹಗುರವಾಗಿ ಕಾಣುವುದು ನಮಗೆ ಸಲ್ಲದು. ಅರ್ಥವನ್ನು ವಿಚಾರಿಸದೆ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆಯುವ ನಾವು ಅದಕ್ಕಿಂತ ಹೆಚ್ಚಿನದೇನನ್ನು ಮಾಡಿದಂತಾಯಿತು?

1874ರ ಸುಮಾರಿಗೆ ಮದರಾಸು ಪ್ರಾಂತದ ಕ್ಷಾಮದಲ್ಲಿ ತಂದೆತಾಯಿಗಳೂ ಅಕ್ಕನೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯವರು ಸಾವಿರಾರು ಮೈಲಿಗಳನ್ನು ನಡೆದು, 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಅದೇ ನಗರದಲ್ಲಿ ಕ್ರೈಸ್ತರ ಒಂದು ಕೂಟದಲ್ಲಿ ಅವರಿಗೆ ಸಂಸ್ಕೃತದ ಸತ್ಯವೇದವೊಂದು ದೊರೆಯಿತು. ಆಶ್ಚರ್ಯವೇನೆಂದರೆ, ಅಂಥ ಪಂಡಿತೆಗೆ ಆ ಗ್ರಂಥವು ತಿಳಿಯಲಿಲ್ಲ. ಅದರ ಭಾಷೆಯೂ ಭಾವವೂ ಅವರಿಗೆ ಅನ್ಯವಾಗಿ ತೋರಿದುವು. ಪಾಂಡಿತ್ಯವೊಂದೇ ಆ ಬಾಗಿಲನ್ನು ತೆರೆಯಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1880ರಲ್ಲಿ ಅಣ್ಣನೂ ಮೃತನಾದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಸಿಲ್ಚಾರಿನ ಆ ಮನೆಯಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕವೊಂದು ಅವರ ಕೈಗೆ ಬಂದಿತು. ಅದನ್ನು ಆಸಕ್ತಿಯಿಂದ ಓದಿದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನು ವಿಷೂಚಿಯಿಂದ ತೀರಿಹೋದನು. ಎಳೆಯ ಕೂಸಾದ ಮನೋರಮೆಯನ್ನು ಎತ್ತಿಕೊಂಡು ಅವರು ಪುಣೆಗೆ ಬಂದು, ಸ್ತ್ರೀಯರ ಏಳಿಗೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿಯ ಮಂದತೆ ಹೆಚ್ಚುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು.

ಆದರೆ ಅವರ ಹುಡುಕಾಟವು ಅಲ್ಲಿಗೆ ಮುಗಿಯಲಿಲ್ಲ. ಕ್ರೈಸ್ತಮತವು ತಮಗೆ ದೊರಕಿತ್ತು, ಕ್ರಿಸ್ತನು ಮಾತ್ರ ಇನ್ನೂ ದೊರಕಿರಲಿಲ್ಲವೆಂದು ಅವರು ಮುಂದೆ ಮರೆಮಾಚದೆ ಬರೆದರು. ಎಂಟು ವರ್ಷಗಳ ತರುವಾಯ, 1891ರ ಸುಮಾರಿಗೆ, ವೇದವಾಕ್ಯಗಳನ್ನು ತಮಗೇ ಹೇಳಿದುವೆಂಬಂತೆ ಓದಿದಾಗ ಅವರ ಮನಸ್ಸಿಗೆ ಶಾಂತಿ ಸಿಕ್ಕಿತು. ಹೆಸರಿಗೆ ಕ್ರೈಸ್ತರಾಗಿರುವ ನಮ್ಮಲ್ಲಿ ಎಷ್ಟು ಮಂದಿ ಅಷ್ಟು ಧೈರ್ಯದಿಂದ ನಮ್ಮನ್ನು ನಾವೇ ಪರೀಕ್ಷಿಸಿಕೊಂಡಿದ್ದೇವೆ?

ಅವರ ಪರೋಪಕಾರದ ಕಥೆಯು ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಮಾರನೆಯ ವರ್ಷ ಪುಣೆಗೆ ಬಂದಿತು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದಲ್ಲಿ ಆಶ್ರಯ ಕೊಟ್ಟರು. ತಾವು ಹಸಿವಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡುದನ್ನು ಅವರು ಮರೆತಿರಲಿಲ್ಲ. ಮುಕ್ತಿ ಎಂಬ ಹೆಸರಿನ ಆ ಸಂಸ್ಥೆಯಲ್ಲಿ 1900ರ ಕ್ಷಾಮದ ತರುವಾಯ ಸಾವಿರಕ್ಕೂ ಮಿಕ್ಕಿದ ಹೆಂಗಸರೂ ಮಕ್ಕಳೂ ಇದ್ದರು. ಮಗಳು ಮನೋರಮೆಯು ನಮ್ಮ ಕನ್ನಡನಾಡಿನ ಗುಲಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಶಾಲೆಯನ್ನು ನಡೆಸಿದರು.

ಇಷ್ಟು ಜನರ ಊಟ, ಬಟ್ಟೆ, ಕಾಯಿಲೆ, ವಿದ್ಯೆಗಳ ಭಾರವನ್ನು ಹೊತ್ತವರಿಗೆ ಧ್ಯಾನಕ್ಕೆ ಬಿಡುವೆಲ್ಲಿ ಎಂದು ನಾವು ಕೇಳಬಹುದು. ಅವರು ಬಿಡುವನ್ನು ಕಾಯಲಿಲ್ಲ. ಮುಕ್ತಿಯ ಹೆಂಗಸರಿಗೆ ಮರಾಠಿ ಸತ್ಯವೇದವನ್ನು ಕೊಟ್ಟಾಗ, ಅದರಲ್ಲಿದ್ದ ಸಂಸ್ಕೃತದ ಬಿರುಸು ಶಬ್ದಗಳು ಅವರಿಗೆ ತಿಳಿಯದೆ ಹೋದುವು. ಹಿಂದೆ ಕೆರೆಯ ದಂಡೆಯಲ್ಲಿ ಅರ್ಥವರಿಯದೆ ಕೇಳುತ್ತಿದ್ದ ಜನರ ನೆನಪು ರಮಾಬಾಯಿಯವರಿಗೆ ಆಗ ಬಂದಿರಬೇಕೆಂದು ನಾವು ಭಾವಿಸುತ್ತೇವೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ತಾವೇ ಭಾಷಾಂತರಿಸಬೇಕೆಂದು ನಿಶ್ಚಯಿಸಿದರು. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳ ಅಭ್ಯಾಸಕ್ಕೆ ಕುಳಿತರು. ಇತರರೂ ಕಲಿಯಲೆಂದು ವ್ಯಾಕರಣವನ್ನೂ ಸಿದ್ಧಪಡಿಸಿದರು. ಒಂದೊಂದು ಶಬ್ದದ ಮೂಲವನ್ನು ಹುಡುಕಿ, ಅರ್ಥವನ್ನು ತೂಗಿ, ಮನೆಮಾತಿನಲ್ಲಿ ಅದಕ್ಕೆ ಸರಿಯಾದುದನ್ನು ಆರಿಸಿ ಬರೆದರು. ಮುಕ್ತಿಯ ಹುಡುಗಿಯರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು, ಅಲ್ಲಿಯ ಮುದ್ರಣಾಲಯದಲ್ಲಿಯೇ ಅಚ್ಚುಹಾಕಿದರು.

ಈ ಕೆಲಸವು ಸುಮಾರು ಹದಿನೆಂಟು ವರ್ಷ ನಡೆಯಿತು. ಕೊನೆಯ ಘಟ್ಟದಲ್ಲಿ, 1921ರ ಜುಲೈ ತಿಂಗಳಲ್ಲಿ, ಮನೋರಮೆಯು ತಾಯಿಗಿಂತ ಮೊದಲೇ ತೀರಿಹೋದರು. ಸಂಸಾರದ ಕೊನೆಯ ಕೊಂಡಿಯೂ ಕಳಚಿತು. ಆಗಲೂ ರಮಾಬಾಯಿಯವರು ಕಾಗದಗಳನ್ನು ಮಡಿಸಿಡಲಿಲ್ಲ. ಅಚ್ಚಿನ ಕರಡನ್ನು ತಿದ್ದಿ ಮುಗಿಸುವಷ್ಟು ದಿನಗಳನ್ನು ಮಾತ್ರ ದೇವರಲ್ಲಿ ಬೇಡಿಕೊಂಡರೆಂದೂ ಅದು ಮುಗಿಯುತ್ತಲೇ ಕಣ್ಣುಮುಚ್ಚಿದರೆಂದೂ ಅವರನ್ನು ಬಲ್ಲವರು ಹೇಳುತ್ತಿದ್ದರು. 1922ನೆಯ ಏಪ್ರಿಲ್ 5ರಂದು ಅವರು ದೈವಾಧೀನರಾದರು. ಸಂಪೂರ್ಣ ಗ್ರಂಥವು ಅವರ ಮರಣಾನಂತರ ಹೊರಬಂದಿತು.

ಒಂದು ಮಾತನ್ನು ಮುಚ್ಚಿಡಬಾರದು. ಆ ಭಾಷಾಂತರವು ಮರಾಠಿ ಸಭೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬರಲಿಲ್ಲ. ಹಾಗಾದರೆ ಹದಿನೆಂಟು ವರ್ಷಗಳ ಶ್ರಮವು ವ್ಯರ್ಥವಾಯಿತೆ? ನಮಗೆ ಹಾಗೆ ತೋರುವುದಿಲ್ಲ. ಒಂದು ಗ್ರಂಥದ ಪ್ರತಿಯೊಂದು ಶಬ್ದದ ಮುಂದೆಯೂ ನಿಂತು, ಇದರ ಅರ್ಥವೇನು, ಇದನ್ನು ಓದುಬಾರದ ನನ್ನ ಸೋದರಿಗೆ ಹೇಗೆ ಹೇಳಲಿ ಎಂದು ಕೇಳಿಕೊಂಡವರ ಧ್ಯಾನಕ್ಕಿಂತ ಪೂರ್ಣವಾದ ಧ್ಯಾನವು ಯಾವುದು? ಹೊರಗಿನ ಸದ್ದನ್ನು ಕೇಳಲಾರದ ಆ ಕಿವಿಗಳು ದೇವರ ವಾಕ್ಯಕ್ಕೆ ಸದಾ ತೆರೆದಿದ್ದುವು.

ನಮ್ಮ ಶಾಲೆಯ ಸೋದರಿಯರೇ, ನಮಗೆ ಹೀಬ್ರೂ ಬಾರದು, ಗ್ರೀಕ್ ಬಾರದು. ಆದರೆ ನಮಗೆ ತಿಳಿಯುವ ಕನ್ನಡದಲ್ಲಿ ಸತ್ಯವೇದವಿದೆ. ಅಧ್ಯಾಯಗಳನ್ನು ಓಡಿಸುವುದನ್ನು ಬಿಟ್ಟು ದಿನಕ್ಕೆ ನಾಲ್ಕೇ ವಚನಗಳನ್ನು ಓದೋಣ. ತಿಳಿಯದ ಶಬ್ದದ ಮುಂದೆ ನಿಲ್ಲೋಣ. ಸಂಜೆ ಒಲೆಯ ಮುಂದೆ ಕುಳಿತ ಅಜ್ಜಿಗೆ ಅದನ್ನು ನಮ್ಮ ಮನೆಮಾತಿನಲ್ಲಿ ಹೇಳಿನೋಡೋಣ. ಹೇಳಲು ಬಾರದಿದ್ದರೆ ನಾವಿನ್ನೂ ಓದಿಲ್ಲವೆಂದು ತಿಳಿದು, ಮರುದಿನ ಬೆಳಗ್ಗೆ ಆ ವಚನವನ್ನೇ ಮತ್ತೊಮ್ಮೆ ತೆರೆಯೋಣ.