ಹೆಸರು ಬಿಟ್ಟುಕೊಟ್ಟ ಸ್ಟೀಲ್ ಮಾಸ್ತರು

ಹೊನ್ನಾವರದಲ್ಲೋ ಕುಮಟೆಯಲ್ಲೋ ಎಮ್ಮೆ ಹುಲ್ಲು ಮುಟ್ಟಲಿಲ್ಲ ಅಂದ್ರೆ ದನದ ಡಾಕ್ಟರಿಗೆ ಹೇಳಿ ಕಳಿಸ್ತೇವೆ. ಆ ಡಾಕ್ಟರಿಗೆ ಕಲಿಸಿದ ಮಾಸ್ತರು ಯಾರು ಅಂತ ಯಾರೂ ಕೇಳೋದಿಲ್ಲ.

ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕರಾವಳಿ 1862ರಿಂದ ಮುಂಬಯಿ ಇಲಾಖೆಗೆ ಸೇರಿತ್ತು. ಆ ಇಲಾಖೆಯ ಪಶುವೈದ್ಯ ಕಾಲೇಜು ಮುಂಬಯಿಯ ಪರೇಲ್‌ನಲ್ಲಿ 1886ರಲ್ಲಿ ಶುರುವಾಯಿತು. ಮೊದಲ ಪ್ರಿನ್ಸಿಪಾಲರು ಜಾನ್ ಹೆನ್ರಿ ಸ್ಟೀಲ್ ಎಂಬ ಇಂಗ್ಲಿಷ್ ಮಿಲಿಟರಿ ಪಶುವೈದ್ಯ. ದನ, ನಾಯಿ, ಕುರಿ, ಒಂಟೆ, ಆನೆ, ಎಲ್ಲದರ ರೋಗಕ್ಕೂ ಒಂದೊಂದು ಪುಸ್ತಕ ಬರೆದ ಆಸಾಮಿ. ಆನೆಯ ಪುಸ್ತಕ ಮದರಾಸಿನಲ್ಲೇ ಅಚ್ಚಾಯಿತು, 1885ರಲ್ಲಿ.

ಆದರೆ ಹೇಳಬೇಕಾದ್ದು ಬೇರೆಯೇ ಇದೆ. ಗ್ರಿಫಿತ್ ಇವಾನ್ಸ್ ಎಂಬ ಹಿರಿಯ ಪಶುವೈದ್ಯರು 1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಸರ್ರಾ ರೋಗದಿಂದ ಸಾಯುತ್ತಿದ್ದ ಕುದುರೆಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹುಳದಂಥ ಜೀವಿ ಮಿಸುಕಾಡುತ್ತಿತ್ತು. ರೋಗಕ್ಕೆ ಇದೇ ಕಾರಣ ಅಂದರು. ಮೇಲಿನ ದೊರೆಗಳು ಒಪ್ಪಲೇ ಇಲ್ಲ. ರಿಪೋರ್ಟು ಕಡತದಲ್ಲಿ ಮಲಗಿತು.

ಐದು ವರ್ಷದ ಮೇಲೆ ಬರ್ಮಾದಲ್ಲಿ ಹೇಸರಗತ್ತೆಗಳು ಸಾಯತೊಡಗಿದಾಗ ಸರಕಾರ ಕಳಿಸಿದ್ದು ಸ್ಟೀಲರನ್ನು. ಅವರಿಗೂ ಅದೇ ಜೀವಿ ಸಿಕ್ಕಿತು. ರೋಗಿ ಪ್ರಾಣಿಯ ರಕ್ತ ಚುಚ್ಚಿ, ಬೇರೆ ಪ್ರಾಣಿಗೂ ರೋಗ ಬರುತ್ತದೆಂದು ತೋರಿಸಿದರು. ಹೆಸರು ತಾವೇ ಹೊಡ್ಕೊಳ್ಳಬಹುದಿತ್ತು. ನಮ್ಮ ಕಚೇರಿಗಳಲ್ಲಿ ಇನ್ನೇನು ನಡೆಯುತ್ತದೆ ಹೇಳಿ? ಸ್ಟೀಲ್ ಹಾಗೆ ಮಾಡಲಿಲ್ಲ. ಯಾರೂ ನಂಬದಿದ್ದ ಇವಾನ್ಸರ ಹೆಸರನ್ನೇ ಆ ಜೀವಿಗೆ ಇಟ್ಟರು. ಇವಾನ್ಸ್ ಅವರಿಗೆ ಕ್ಲಾಸಿನಲ್ಲಿ ಪಾಠ ಹೇಳಿದ ಗುರುವೇನಲ್ಲ. ಆದರೂ ಹಿರಿಯರ ಕೆಲಸಕ್ಕೆ ತಲೆಬಾಗಿದ್ದು ಕಿರಿಯರೇ.

ಸ್ಟೀಲರದ್ದೂ ಒಂದು ತಪ್ಪಾಯಿತು. ಜೀವಿಯ ಜಾತಿಯನ್ನು ಬೇರೆ ತಿಳಿದಿದ್ದರು. ಮುಂದಿನವರು ಅದನ್ನು ತಿದ್ದಿ ಟ್ರಿಪನೊಸೋಮ ಅಂದರು. ಇವಾನ್ಸಿ ಎಂಬ ಬಾಲ ಮಾತ್ರ ಉಳಿಯಿತು. ಕುದುರೆ ನೊಣ ಕಚ್ಚಿ ಹರಡುವ ಈ ರೋಗ ದನ, ಎಮ್ಮೆಗೂ ತಗಲುತ್ತದೆ. ಇವತ್ತಿಗೂ ನಮ್ಮ ಪಶುವೈದ್ಯರು ಪುಸ್ತಕದಲ್ಲಿ ಓದುವುದು ಅದೇ ಹೆಸರನ್ನು.

ಕಾಲೇಜು ಕಟ್ಟಿ ಐದು ವರ್ಷ ಆಗುವಷ್ಟರಲ್ಲಿ, 1891ರಲ್ಲಿ ಸ್ಟೀಲ್ ತೀರಿಹೋದರು. ನಲವತ್ತೂ ಆಗಿರಲಿಲ್ಲ. ಅವರ ನೆನಪಿಗೆ ವೃತ್ತಿಯವರು ಒಂದು ಪದಕ ಸ್ಥಾಪಿಸಿದರು. ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಆ ಸ್ಟೀಲ್ ಪದಕವನ್ನು ಒಬ್ಬ ಮುದುಕರಿಗೆ ಕೊಟ್ಟಿತು. ವಯಸ್ಸು ಎಂಬತ್ತು ದಾಟಿತ್ತು. ಹೆಸರು ಗ್ರಿಫಿತ್ ಇವಾನ್ಸ್.